ಹೋಟೆಲ್ ಬೇಡ ಅಂದ್ರೆ ರೋಮ್‌ನಲ್ಲಿ ಎಲ್ಲಿ ಉಳ್ಕೊಳ್ಳೋದು?

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ, ರೋಮ್‌ನಲ್ಲಿ ನೀರಿನ ಬಾಟ್ಲಿಗೆ ದುಡ್ಡು ಹಾಕ್ಬೇಡಿ, ಬೀದಿ ಬೀದಿಲೂ ನಾಸೋನಿ ಅಂತ ಕಬ್ಬಿಣದ ನಲ್ಲಿಗಳಿವೆ, ಊರಿಡೀ ಸುಮಾರು 2,500 ಇರಬಹುದು, ಹಗಲೂ ರಾತ್ರಿ ಹರೀತಿರತ್ತೆ, ಅದನ್ನೇ ತುಂಬ್ಕೊಳ್ಳಿ ಅಂತ ಬರ್ದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ನೀರಿನ ಬಗ್ಗೆ ಕೇಳಿದೋರು ಒಬ್ಬರೂ ಇಲ್ಲ! ಎಲ್ಲರದ್ದೂ ಒಂದೇ, ಹೋಟೆಲ್ ರೇಟು ಕೇಳಿ ತಲೆ ತಿರುಗ್ತಿದೆ, ಬೇರೆ ಏನಾದ್ರೂ ದಾರಿ ಇದ್ಯಾ ಅಂತ. ನಾನು ಅಲ್ಲಿ ನಾಲ್ಕು ವರ್ಷ ಇದ್ದು ಬಂದವಳು, ಆ ನಾಲ್ಕು ವರ್ಷದಲ್ಲಿ ನಮ್ಮನೆಗೆ ಬಂದ ನೆಂಟರಿಗೆ, ನೆಂಟರ ನೆಂಟರಿಗೆ ರೂಮು ಹುಡುಕಿ ಹುಡುಕಿ ಒಂಥರಾ ಬ್ರೋಕರ್ ಆಗ್ಬಿಟ್ಟಿದ್ದೆ, ಹಾಗಾಗಿ ಗೊತ್ತಿರೋದು ಹೇಳ್ತೀನಿ.

ಉತ್ತರಕ್ಕೆ ಮುಂಚೆ ಒಂದ್ ಮಾತು. ಹೋಟೆಲ್ ಅಂದ್ರೆ ಬರೀ ಮಂಚ ಹಾಸಿಗೆ ಅಲ್ಲ. ಫ್ಲೈಟ್ ಲೇಟಾಗಿ ಅರ್ಧರಾತ್ರಿ ಹೋದ್ರೂ ಬಾಗಿಲು ತೆಗೆಯೋನು, ಪಾಸ್‌ಪೋರ್ಟ್ ವಿವರ ಪೊಲೀಸರಿಗೆ ಕಳಿಸೋನು, ಕರೆಂಟ್ ಹೋದ್ರೆ ನೋಡೋನು, ರೂಮು ಖಾಲಿ ಮಾಡಿದ ಮೇಲೆ ಸಂಜೆವರೆಗೂ ಸೂಟ್‌ಕೇಸ್ ಇಟ್ಕೊಳ್ಳೋನು, ಇಷ್ಟೂ ಸೇರಿ ಹೋಟೆಲ್. ಹೋಟೆಲ್ ಬೇಡ ಅಂದಾಗ ಈ ಕೆಲಸಗಳು ಎಲ್ಲಿಗೂ ಹೋಗಲ್ಲ, ಅರ್ಧ ನಿಮ್ಮ ತಲೆ ಮೇಲೇ ಬರತ್ತೆ. ಉಳಿಯೋ ದುಡ್ಡು ಆ ಕೆಲಸಕ್ಕೆ ನಿಮಗೇ ಸಿಗೋ ಕೂಲಿ ಅಂದ್ಕೊಳ್ಳಿ. ಯಾವ ಕೆಲಸ ಮಾಡೋಕೆ ತಯಾರಿದೀರಿ, ಯಾವ್ದು ಆಗಲ್ಲ, ಅದನ್ನ ಮೊದ್ಲು ಮನೇಲಿ ಕೂತು ಮಾತಾಡ್ಕೊಳ್ಳಿ.

ಪ್ರಶ್ನೆ: ಅಕ್ಟೋಬರ್‌ನಲ್ಲಿ 6 ರಾತ್ರಿ ರೋಮ್‌ಗೆ ಹೋಗ್ತಿದೀವಿ. ನಾನು, ನಮ್ಮ ಯಜಮಾನ್ರು, ಮಗ, ಸೊಸೆ, 6 ವರ್ಷದ ಮೊಮ್ಮಗ. ನಾವು ಮೊಟ್ಟೆನೂ ತಿನ್ನೋರಲ್ಲ. ಟ್ರಾವೆಲ್ಸ್‌ನೋರು ಹೋಟೆಲ್‌ನಲ್ಲಿ ಎರಡು ರೂಮ್ ತಗೊಳ್ಳಿ ಅಂತಾರೆ, ಮಗ ಅಪಾರ್ಟ್‌ಮೆಂಟೇ ಸರಿ ಅಂತಾನೆ. ನನಗೆ ಮಂಡಿ ನೋವು ಬೇರೆ. ಏನ್ ಮಾಡೋಣ ಮೇಡಂ?
— ನಿವೃತ್ತ ಶಿಕ್ಷಕಿ, ದಾವಣಗೆರೆ

ಮಗ ಹೇಳಿದ್ದೇ ಸರಿ, ಆದ್ರೆ ನಿಮ್ಮ ಮಂಡಿ ಅವನ ಲೆಕ್ಕದಲ್ಲಿ ಇದ್ಯಾ ಅಂತ ಒಂದ್ಸಲ ಕೇಳಿ.

ರೋಮ್‌ನ ಹಳೇ ಕಟ್ಟಡಗಳ ಸೀಲಿಂಗು ನಮ್ಮ ಹಳೇ ಬಂಗಲೆಗಳ ಥರ ಎತ್ತರ, ಅಂದ್ರೆ ಒಂದು ಮಹಡಿಗೆ ಮೆಟ್ಲು ಜಾಸ್ತಿ. ಅದರ ಮೇಲೆ ಕೆಲವು ಕಡೆ ನೆಲಮಾಳಿಗೆ ಮೇಲೆ ಎತ್ತರಿಸಿ ಕಟ್ಟಿರೋ ಮಹಡಿ ಒಂದು, ನಡುವೆ ಅಮ್ಮೆತ್ಸಾತೊ ಅಂತ ಅರ್ಧ ಮಹಡಿ ಇನ್ನೊಂದು, ಇವೆರಡನ್ನೂ ಲೆಕ್ಕಕ್ಕೇ ಹಿಡಿಯಲ್ಲ. ನಮ್ಮ ಅತ್ತೆ ಮಾವ ಬಂದಾಗ ನಮ್ಮನೆ ಸಣ್ಣದು ಅಂತ ಪಕ್ಕದ ಬೀದೀಲಿ ಎರಡನೇ ಮಹಡಿ ಅಂತ ನೋಡಿ ಒಂದು ಫ್ಲ್ಯಾಟ್ ಹಿಡಿದಿದ್ದೆ, ಹತ್ತಿದ್ರೆ ಹತ್ತಿದ್ರೆ ಬರ್ತಾನೇ ಇಲ್ಲ, ನಿಜಕ್ಕೂ ಅದು ಮೂರೂವರೆ ಮಹಡಿ, ಲಿಫ್ಟ್ ಇಲ್ಲ, ಅತ್ತೆ ಅರ್ಧ ದಾರೀಲಿ ಸೂಟ್‌ಕೇಸ್ ಮೇಲೆ ಕೂತ್ಬಿಟ್ಟು ನಾನು ಇಲ್ಲೇ ಇರ್ತೀನಿ ನೀವು ಹೋಗ್ಬನ್ನಿ ಅಂದಿದ್ರು. ಹಾಗಾಗಿ ಎಷ್ಟನೇ ಮಹಡಿ ಅಂತ ಕೇಳ್ಬೇಡಿ, ಬೀದಿಯಿಂದ ಮನೆ ಬಾಗಿಲವರೆಗೂ ಒಟ್ಟು ಎಷ್ಟು ಮೆಟ್ಲು ಅಂತ ಮೆಸೇಜ್ ಹಾಕಿ ಕೇಳಿ. ಲಿಫ್ಟ್ ಇದೆ ಅಂದ್ರೂ ಲಿಫ್ಟ್‌ಗೆ ಮುಂಚೆ ಮೆಟ್ಲು ಇದ್ಯಾ ಅಂತ ಇನ್ನೊಂದು ಪ್ರಶ್ನೆ, ಯಾಕಂದ್ರೆ ಸುಮಾರು ಕಡೆ ಆಮೇಲೆ ಯಾವಾಗ್ಲೋ ಮೆಟ್ಟಿಲ ಸಂದಿನಲ್ಲಿ ತುರುಕಿರೋ ಲಿಫ್ಟು ಅದು, ಇಬ್ರು ನಿಂತ್ರೆ ಮೂರನೆಯೋರಿಗೆ ಜಾಗ ಇಲ್ಲ, ಸೂಟ್‌ಕೇಸ್ ಒಂಟಿಯಾಗಿ ಮೇಲೆ ಕಳಿಸ್ಬೇಕು.

ಊಟದ ವಿಷ್ಯಕ್ಕೆ ಬಂದ್ರೆ ನಿಮಗೆ ಅಡುಗೆಮನೆ ಇರೋ ಜಾಗನೇ ಬೇಕು, ಅನುಮಾನ ಇಲ್ಲ. ಹೋಟೆಲ್ ಬ್ರೇಕ್‌ಫಾಸ್ಟ್‌ನಲ್ಲಿ ಇಡೋ ಕೊರ್ನೆತ್ತೊ ಅನ್ನೋ ಬನ್ನಿನ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕಿರ್ತಾರೆ, ಫೆಟ್ಟುಚೀನೆ ಥರದ ತಾಜಾ ಪಾಸ್ತಾದಲ್ಲೂ ಮೊಟ್ಟೆ, ಪ್ಯಾಕೆಟ್‌ನಲ್ಲಿ ಒಣಗಿಸಿ ಬರೋ ಸ್ಪಗೆಟ್ಟಿಗೆ ಬರೀ ಗೋಧಿ ನೀರು ಅಷ್ಟೇ. ಪಾರ್ಮಿಜಾನೊ ಚೀಸನ್ನಂತೂ ಕರುವಿನ ಹೊಟ್ಟೆಯಿಂದ ತೆಗೆಯೋ ರೆನೆಟ್ ಹಾಕೇ ಹೆಪ್ಪು ಹಾಕೋದು, ನೀವು ಅಷ್ಟು ಕಟ್ಟುನಿಟ್ಟು ಇದ್ರೆ ಇದೂ ಗೊತ್ತಿರ್ಲಿ.

ರೋಮ್‌ನ ಮುಖ್ಯ ರೈಲ್ವೆ ಸ್ಟೇಷನ್ ಟರ್ಮಿನಿಗೆ ಹತ್ತಿರ ಎಸ್ಕ್ವಿಲಿನೊ ಅಂತ ಏರಿಯಾ, ಅಲ್ಲಿ ಪಿಯಾತ್ಸಾ ವಿತ್ತೋರಿಯೊ ಪಕ್ಕ, ಹಳೇ ಮಿಲಿಟರಿ ಬ್ಯಾರಕ್‌ನೊಳಗೆ ಒಂದು ಮಾರ್ಕೆಟ್ ಇದೆ. ಒಳಗೆ ಕಾಲಿಟ್ರೆ ನಮ್ಮ ಊರಿನ ಸಂತೆ! ಬಾಂಗ್ಲಾದೇಶದ ಅಂಗಡಿಯೋರು ಜಾಸ್ತಿ, ಬೆಂಡೆಕಾಯಿ, ಹಾಗಲಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಕಟ್ಟು, ಗೋಣೀಲಿ ಬೇಳೆ, ಬಾಸ್ಮತಿ ಅಕ್ಕಿ ಎಲ್ಲಾ ಇರತ್ತೆ. ಭಾನುವಾರ ಬಾಗಿಲು ಹಾಕಿರತ್ತೆ. ಅಲ್ಲಿಗೆ ಮೆಟ್ರೋ ಎ ಲೈನು ಹೋಗತ್ತೆ, ಸ್ಟೇಷನ್ ಹೆಸರು ವಿತ್ತೋರಿಯೊ ಎಮಾನ್ಯುವೆಲೆ. ಎರಡು ಸ್ಟಾಪ್ ಆಚೆ ಸಾನ್ ಜೊವಾನ್ನಿ, ಅಲ್ಲೇ ಸುತ್ತಮುತ್ತ ಹುಡುಕಿ ಅನ್ನೋದು ನನ್ನ ಸಲಹೆ. ಎ ಲೈನು, ಸಿ ಲೈನು ಎರಡೂ ಸೇರೋ ಜಾಗ, ಸಂಸಾರಸ್ಥರ ಏರಿಯಾ, ಸೂಪರ್ ಮಾರ್ಕೆಟು ಬೇಕರಿ ಔಷಧಿ ಅಂಗಡಿ ಎಲ್ಲಾ ಕೆಳಗೇ. ತ್ರಾಸ್ತೇವೆರೆ ಅಂತ ಇನ್ನೊಂದು ಏರಿಯಾನ ಎಲ್ಲರೂ ಹೊಗಳ್ತಾರೆ, ಫೋಟೋಗೆ ಚೆನ್ನಾಗಿದೆ ನಿಜ, ಆದ್ರೆ ಅಲ್ಲಿ ಮೆಟ್ರೋ ಇಲ್ಲ, ರಾತ್ರಿ ಒಂದರವರೆಗೂ ಕಿಟಕಿ ಕೆಳಗೆ ಗಲಾಟೆ, ಬೀದಿ ತುಂಬಾ ಸಾಂಪಿಯೆತ್ರೀನಿ ಅನ್ನೋ ಕಪ್ಪು ಕಲ್ಲು, ಅದರ ಮೇಲೆ ಟ್ರಾಲಿ ಎಳೆದ್ರೆ ಚಕ್ರನೂ ಹೋಗತ್ತೆ ನಿಮ್ಮ ಮಂಡಿನೂ ಹೋಗತ್ತೆ.

ಕುಕ್ಕರ್ ಅಲ್ಲಿನ ಮನೆಗಳಲ್ಲಿ ಸಿಗಲ್ಲ, ಎರಡು ಲೀಟರ್‌ದು ಒಂದು ಒಯ್ಯಿರಿ. ಆದ್ರೆ ಮೊದ್ಲು ಫೋಟೋದಲ್ಲಿ ಒಲೆ ಗ್ಯಾಸಾ ಇಂಡಕ್ಷನ್ನಾ ನೋಡ್ಕೊಳ್ಳಿ, ಇಂಡಕ್ಷನ್ ಆದ್ರೆ ಸಾದಾ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗಲ್ಲ, ಅಷ್ಟು ದೂರ ಹೊತ್ತಿದ್ದು ದಂಡ. ಕಾಫಿಗೆ ಯೋಚ್ನೆ ಮಾಡ್ಬೇಡಿ, ಒಲೆ ಪಕ್ಕದಲ್ಲಿ ಎಂಟು ಮೂಲೆಯ ಒಂದು ಅಲ್ಯೂಮಿನಿಯಂ ಪಾತ್ರೆ ಇದ್ದೇ ಇರತ್ತೆ, ಮೋಕಾ ಅಂತಾರೆ, 1933ರಲ್ಲಿ ಬಿಯಾಲೆತ್ತಿ ಕಂಪನಿಯೋರು ಶುರು ಮಾಡಿದ್ದು. ಕೆಳಗಿನ ಭಾಗಕ್ಕೆ ಒಳಗಿರೋ ಪುಟ್ಟ ವಾಲ್ವ್‌ವರೆಗೆ ನೀರು, ನಡುವಿನ ಜಾಲರಿಗೆ ಪುಡಿ, ನಮ್ಮ ಫಿಲ್ಟರ್ ಥರ ಒತ್ತಬಾರದು, ಸುಮ್ನೆ ತುಂಬಿ ತಿರುಗಿಸಿ ಬಿಗಿ ಮಾಡಿ ಸಣ್ಣ ಉರೀಲಿ ಇಡಿ. ಗೊರಗೊರ ಅಂತ ಸದ್ದು ಬಂದ ತಕ್ಷಣ ಇಳಿಸ್ಬಿಡಿ. ನಮ್ಮ ಡಿಕಾಕ್ಷನ್‌ನಷ್ಟು ಗಟ್ಟಿ ಬರಲ್ಲ, ಆದ್ರೂ ಬೆಳಿಗ್ಗೆ ಹಾಲು ಬೆರೆಸಿದ್ರೆ ನಮ್ಮನೆ ಕಾಫಿ ಅನ್ನಿಸತ್ತೆ.

ಕರೆಂಟ್ ವಿಷ್ಯ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಅಲ್ಲಿ ಸಾಮಾನ್ಯ ಮನೆಗೆ ಕೊಟ್ಟಿರೋ ಲೋಡೇ 3 ಕಿಲೋವ್ಯಾಟ್. ವಾಷಿಂಗ್ ಮಷೀನ್ ತಿರುಗ್ತಿರೋವಾಗ ಸೊಸೆ ಓವನ್ ಹಾಕಿ, ಅದೇ ಹೊತ್ತಿಗೆ ನೀವು ಕೆಟಲ್ ಒತ್ತಿದ್ರೆ ಮನೆಯೆಲ್ಲಾ ಕತ್ತಲು. ಸ್ವಿಚ್ಚು ಮನೆ ಒಳಗಿದ್ರೆ ಪುಣ್ಯ, ಎಷ್ಟೋ ಕಟ್ಟಡದಲ್ಲಿ ಮೀಟರ್‌ಗಳೆಲ್ಲಾ ಕೆಳಗೆ ಒಂದು ಬೀರೂಲಿ ಇರತ್ತೆ, ಮತ್ತೆ ಅಷ್ಟೂ ಮೆಟ್ಲು ಇಳೀಬೇಕು. ಕೀ ಕೊಡೋವಾಗ್ಲೇ ಅದೆಲ್ಲಿದೆ ಅಂತ ತೋರಿಸ್ಕೊಳ್ಳಿ.

ಅಕ್ಟೋಬರ್ ಅಂದ್ರಲ್ಲ, ಒಳ್ಳೇ ಸಮಯ, ಒತ್ತೋಬ್ರಾತಾ ಅಂತ ಅಲ್ಲಿನೋರೇ ಹೆಸರಿಟ್ಟಿರೋ ಎಳೆ ಬಿಸಿಲು. ಆದ್ರೆ ರಾತ್ರಿ ಚಳಿ ಅನ್ನಿಸಿ ಹೀಟರ್ ಕೇಳಿದ್ರೆ ಇಲ್ಲ ಅಂತಾರೆ, ಅದು ಜಿಪುಣತನ ಅಲ್ಲ, ರೋಮ್‌ನಲ್ಲಿ ಕಟ್ಟಡದ ಹೀಟಿಂಗ್ ಹಾಕೋಕೆ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ಅದೂ ದಿನಕ್ಕೆ 12 ಗಂಟೆ ಅಂತ ಕಾನೂನೇ ಇದೆ. ಒಂದೊಂದು ಶಾಲು, ಸ್ವೆಟರ್ ಇಟ್ಕೊಳ್ಳಿ.

ಬುಕ್ ಮಾಡೋಕೆ ಮುಂಚೆ ಜಾಹೀರಾತಿನಲ್ಲಿ ಸಿನ್ (CIN) ನಂಬರ್ ಇದ್ಯಾ ನೋಡಿ. 2025ರ ಜನವರಿಯಿಂದ ಪ್ರವಾಸಿಗಳಿಗೆ ಬಾಡಿಗೆ ಕೊಡೋ ಪ್ರತಿ ಮನೆಗೂ ಆ ರಾಷ್ಟ್ರೀಯ ನಂಬರ್ ಕಡ್ಡಾಯ, ಕಟ್ಟಡದ ಹೊರಗೂ ಹಾಕಿರ್ಬೇಕು. ಶುರುವಿನಲ್ಲಿ ಐಟಿ ಅನ್ನೋ ಅಕ್ಷರ, ಆಮೇಲೆ ಊರಿನ ಕೋಡು, ರೋಮ್ ನಗರದ್ದು 058091. ರೋಮ್ ಮಧ್ಯದಲ್ಲೇ ಮನೆ ಅಂತ ಹೇಳಿ ನಂಬರ್ ಬೇರೆ ಏನೋ ಇದ್ರೆ ಆ ಮನೆ ಊರಾಚೆ ಇನ್ನೊಂದು ಪುರಸಭೆಯಲ್ಲಿದೆ ಅಂತ ಅರ್ಥ. ಬಾಡಿಗೆ ಜೊತೆಗೆ ನಗರದ ತೆರಿಗೆ ಬೇರೆ, ಇಂಥ ಮನೆಗಳಿಗೆ ತಲೆಗೆ ರಾತ್ರಿಗೆ 6 ಯೂರೋ ಹತ್ತಿರ, 10 ವರ್ಷದ ಒಳಗಿನ ಮಕ್ಕಳಿಗೆ ಇಲ್ಲ. ಮೊಮ್ಮಗನ್ನ ಬಿಟ್ಟು ನಿಮ್ಮ ನಾಲ್ಕು ಜನಕ್ಕೆ 6 ರಾತ್ರಿಗೆ 144 ಯೂರೋ ಆಗತ್ತೆ, ಇದನ್ನ ಸೇರಿಸಿ ಹೋಟೆಲ್ ಜೊತೆ ಹೋಲಿಸಿ. ಹೋಟೆಲ್‌ಗೂ ತೆರಿಗೆ ಇದೆ, ನಾಲ್ಕು ಸ್ಟಾರ್‌ಗೆ ಏಳೂವರೆ, ಐದು ಸ್ಟಾರ್‌ಗೆ 10 ಯೂರೋ.

ಹಾಂ, ಬಾಗಿಲಲ್ಲಿ ಬೆಲ್ ಒತ್ತೋ ಫಲಕದಲ್ಲಿ ಎಷ್ಟೋ ಕಡೆ ಮನೆ ನಂಬರ್ ಇರಲ್ಲ, ಬರೀ ಮನೆಯೋರ ಅಡ್ಡಹೆಸರು ಇರತ್ತೆ, ಇಪ್ಪತ್ತು ಮೂವತ್ತು ಹೆಸರು. ಯಾವ ಹೆಸರು ಒತ್ತಬೇಕು, ಯಾವ ಸ್ಕಾಲಾ ಅಂದ್ರೆ ಯಾವ ಮೆಟ್ಟಿಲು, ಎಷ್ಟನೇ ಇಂತೆರ್ನೊ ಅಂದ್ರೆ ಒಳಗಿನ ಮನೆ ನಂಬರ್, ಇಷ್ಟನ್ನೂ ಬರ್ಸಿಟ್ಕೊಳ್ಳಿ, ಅಲ್ಲಿ ನಿಂತಾಗ ಫೋನ್ ಚಾರ್ಜ್ ಇರಲ್ಲ, ಅದು ನಿಯಮ.

ಪ್ರಶ್ನೆ: ರೋಮ್‌ನಲ್ಲಿ ಕ್ರೈಸ್ತ ಸನ್ಯಾಸಿನಿಯರಿರೋ ಕಾನ್ವೆಂಟ್‌ಗಳಲ್ಲಿ ರೂಮು ಕೊಡ್ತಾರಂತೆ ನಿಜಾನಾ? ನಾವು ಅಕ್ಕ ತಂಗಿ ಇಬ್ರೇ ಹೋಗ್ತಿರೋದು, ಇಬ್ರಿಗೂ ಐವತ್ತು ದಾಟಿದೆ. ನಾವು ಹಿಂದೂಗಳು, ಸೇರಿಸ್ಕೋತಾರಾ? ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಹೋಗ್ಬೇಕಾ?
— ಶಿವಮೊಗ್ಗದಿಂದ ಅಕ್ಕ ತಂಗಿ

ನಿಜ, ಸೇರಿಸ್ಕೋತಾರೆ, ಪ್ರಾರ್ಥನೆಗೆ ಯಾರೂ ಎಬ್ಬಿಸಲ್ಲ. ನಿಮ್ಮಂಥ ಇಬ್ರಿಗೆ ಇದಕ್ಕಿಂತ ಒಳ್ಳೇ ಜಾಗ ರೋಮ್‌ನಲ್ಲಿ ಇಲ್ಲ ಅಂತ ನಾನು ಕಣ್ಮುಚ್ಚಿ ಹೇಳ್ತೀನಿ.

ಇದು ನಿನ್ನೆ ಮೊನ್ನೆ ಶುರುವಾದ ವ್ಯಾಪಾರ ಅಲ್ಲ. ಯಾತ್ರಿಕರಿಗೆ ತಂಗೋ ಜಾಗ ಕಟ್ಟಿಸೋದು ನಮ್ಮಲ್ಲಿ ಛತ್ರ ಕಟ್ಟಿಸಿದ ಹಾಗೇ. ಎಂಟನೇ ಶತಮಾನದಲ್ಲೇ ಇಂಗ್ಲೆಂಡ್ ಕಡೆಯ ಸ್ಯಾಕ್ಸನ್ ಯಾತ್ರಿಕರಿಗೆ ಅಂತ ವ್ಯಾಟಿಕನ್ ಪಕ್ಕ ಒಂದು ಕೇರಿನೇ ಇತ್ತು, ಇವತ್ತು ಆ ಏರಿಯಾಗೆ ಬೊರ್ಗೊ ಅನ್ನೋ ಹೆಸರು ಬಂದಿರೋದೂ ಅವರ ಭಾಷೆಯಿಂದ್ಲೇ ಅಂತಾರೆ. 1300ರಲ್ಲಿ ಎಂಟನೇ ಬೋನಿಫೇಸ್ ಪೋಪ್ ಮೊದಲ ಜುಬಿಲಿ ವರ್ಷ, ಅಂದ್ರೆ ರೋಮ್ ಯಾತ್ರೆಗೆ ಬಂದೋರ ಪಾಪ ಕಳೆಯತ್ತೆ ಅನ್ನೋ ಪುಣ್ಯವರ್ಷ, ಸಾರಿದ ಮೇಲಂತೂ ಜನ ಬರೋದು ಹೆಚ್ಚಾಯ್ತು. ಪಿಯಾತ್ಸಾ ಫಾರ್ನೇಸೆಯಲ್ಲಿ ಸಾಂತಾ ಬ್ರಿಜಿದಾ ಅಂತ ಒಂದು ಮನೆ ಇದೆ, ಸ್ವೀಡನ್ನಿಂದ ಬಂದ ಸಂತ ಬ್ರಿಜೆಟ್ 1373ರಲ್ಲಿ ತೀರ್ಕೊಂಡಿದ್ದು ಅದೇ ಮನೆಯಲ್ಲಿ, ಈಗ ಅವರ ಪಂಥದ ಸಿಸ್ಟರ್‌ಗಳೇ ಅಲ್ಲಿ ಅತಿಥಿಗಳಿಗೆ ರೂಮು ಕೊಡ್ತಾರೆ. ಕಾಂಪೊ ದೆ ಫಿಯೋರಿ ಮಾರ್ಕೆಟ್ ಅಲ್ಲಿಂದ ಒಂದು ನಿಮಿಷ. ಜಾಗ ಅಂಥದ್ದು ಅಂದ್ಮೇಲೆ ರೇಟೂ ಸ್ವಲ್ಪ ಜೋರೇ, ಕಾನ್ವೆಂಟ್ ಅಂದ ತಕ್ಷಣ ಧರ್ಮಛತ್ರದ ರೇಟು ಅಂದ್ಕೋಬೇಡಿ.

ನಾನು ನಮ್ಮಮ್ಮನ್ನ ಕರ್ಕೊಂಡ್ಹೋಗಿ ಒಂದು ಕಾನ್ವೆಂಟ್‌ನಲ್ಲಿ ಮೂರು ರಾತ್ರಿ ಇದ್ದೆ. ಉದ್ದ ಕಾರಿಡಾರು, ಕನ್ನಡಿ ಥರ ಹೊಳೆಯೋ ನೆಲ, ಚಪ್ಪಲಿ ಸದ್ದಾದ್ರೆ ನಮಗೇ ನಾಚಿಕೆ. ರೂಮಲ್ಲಿ ಎರಡು ಒಂಟಿ ಮಂಚ, ಗೋಡೆ ಮೇಲೆ ಶಿಲುಬೆ, ಒಂದು ಮೇಜು, ಒಂದು ಬೀರು, ಇಸ್ತ್ರಿ ಮಾಡಿ ಮಡಚಿಟ್ಟ ಬಿಳೀ ಟವೆಲ್ಲು. ಟಿವಿ ಇಲ್ಲ. ಬೆಳಿಗ್ಗೆ ಊಟದ ಮನೇಲಿ ಬ್ರೆಡ್ಡು, ಜಾಮು, ಬೆಣ್ಣೆ, ಬಿಸಿ ಹಾಲು, ಕಾಫಿ. ಮೊದಲ ದಿನ ಅಮ್ಮ ಸೀರೆಯಲ್ಲಿ ಕೂತಿದ್ದನ್ನ ನೋಡಿ ಹಾಲು ಬಡಿಸೋಕೆ ಬಂದ ಸಿಸ್ಟರು ಇಂಡಿಯಾನಾ ಅಂತ ಕೇಳಿ ಅಲ್ಲೇ ನಿಂತ್ಬಿಟ್ರು, ಅವರು ಕೇರಳದೋರು! ಇದು ಅಪರೂಪ ಅಲ್ಲ, ರೋಮ್‌ನ ಎಷ್ಟೋ ಕಾನ್ವೆಂಟ್‌ಗಳಲ್ಲಿ ಮಲಯಾಳಿ ಸಿಸ್ಟರ್‌ಗಳಿದ್ದಾರೆ, ಮಂಗಳೂರು ಕಡೆಯೋರೂ ಸಿಗಬಹುದು. ಎರಡನೇ ದಿನದಿಂದ ನಮ್ಮ ಮೇಜಿಗೆ ಮಾತ್ರ ಒಂದು ಪುಟ್ಟ ಬಾಟಲೀಲಿ ಮಾವಿನ ಉಪ್ಪಿನಕಾಯಿ ಬಂತು, ಬ್ರೆಡ್ಡಿಗೆ ಉಪ್ಪಿನಕಾಯಿ ಹಚ್ಕೊಂಡು ತಿಂದು ಅಮ್ಮ ಇವತ್ತಿಗೂ ಅದನ್ನೇ ಹೇಳ್ತಾರೆ, ಕೊಲೋಸಿಯಂ ಬಗ್ಗೆ ಒಂದು ಮಾತಿಲ್ಲ.

ಕಷ್ಟ ಏನು ಅಂದ್ರೆ ಬಾಗಿಲು. ಬಹಳಷ್ಟು ಕಡೆ ರಾತ್ರಿ ಹನ್ನೊಂದಕ್ಕೋ ಹನ್ನೊಂದೂವರೆಗೋ ಬೀಗ, ಕೆಲವು ಕಡೆ ಅದಕ್ಕೂ ಮುಂಚೆ, ಕೆಲವರು ಮಾತ್ರ ಕೀ ಕೊಡ್ತಾರೆ. ನಿಮ್ಮ ಫ್ಲೈಟ್ ರಾತ್ರಿ ಬರೋದಾದ್ರೆ ಮೊದಲ ರಾತ್ರಿಗೆ ಬೇರೆ ಕಡೆ ನೋಡ್ಕೊಳ್ಳಿ, ಸಿಸ್ಟರ್ ಕಾಯ್ತಾರೆ ಅಂತ ನಂಬ್ಕೊಂಡು ಹೋಗ್ಬೇಡಿ. ಎಸಿ ಇದ್ಯಾ ಕೇಳಿ, ಜುಲೈ ಆಗಸ್ಟ್‌ನಲ್ಲಿ ಎಸಿ ಇಲ್ಲದಿದ್ರೆ ಬೆಂದುಹೋಗ್ತೀರಿ. ನಗದು ಮಾತ್ರ ತಗೊಳ್ಳೋ ಜಾಗಗಳೂ ಇವೆ.

ಕಾನೂನಿನ ಭಾಷೇಲಿ ಇಂಥ ಜಾಗಕ್ಕೆ ಕಾಸಾ ಪೆರ್ ಫೇರಿಯೆ ಅಂತಾರೆ, ಹುಡುಕೋವಾಗ ಈ ಪದ ಹಾಕಿ. ದೊಡ್ಡ ಬುಕಿಂಗ್ ಆ್ಯಪ್‌ಗಳಲ್ಲಿ ಕೆಲವೇ ಇರೋದು, ಉಳಿದವಕ್ಕೆ ನೇರ ಇಮೇಲ್ ಹಾಕ್ಬೇಕು, ಅನುವಾದದ ಆ್ಯಪ್‌ನಲ್ಲಿ ಇಟಾಲಿಯನ್ ಮಾಡಿ ನಾಲ್ಕೇ ಸಾಲು: ಯಾವತ್ತಿನಿಂದ ಯಾವತ್ತಿಗೆ, ಇಬ್ಬರು ಹೆಂಗಸರು, ಎರಡು ಮಂಚದ ರೂಮು, ರೂಮೊಳಗೇ ಬಾತ್‌ರೂಮು. ಉತ್ತರ ಬರೋಕೆ ಮೂರು ನಾಲ್ಕು ದಿನ ಆದ್ರೂ ಬೇಜಾರು ಮಾಡ್ಕೋಬೇಡಿ, ಅಲ್ಲಿ ಇಮೇಲ್ ನೋಡೋ ಸಿಸ್ಟರೇ ತರಕಾರಿನೂ ಹೆಚ್ಚಬೇಕು.

ಪ್ರಶ್ನೆ: ಬಿ ಅಂಡ್ ಬಿ, ಅಂದ್ರೆ ರೂಮಿನ ಜೊತೆ ಬೆಳಗಿನ ತಿಂಡಿನೂ ಅಂತ ಬುಕ್ ಮಾಡಿದೀವಿ, ಈಗ ಮೆಸೇಜ್ ಬಂದಿದೆ, ತಿಂಡಿಗೆ ಕೆಳಗಿನ ಬಾರ್‌ನಲ್ಲಿ ಕೂಪನ್ ಕೊಡ್ತೀವಿ ಅಂತ. ಬೆಳ್‌ಬೆಳಿಗ್ಗೆ ಬಾರ್‌ಗೆ ಹೋಗೋದಾ? ನನ್ನ ಹೆಂಡ್ತಿ ನಗ್ತಿದಾಳೆ. ಮೋಸ ಏನೂ ಇಲ್ಲ ತಾನೇ?
— ಹೊಸದಾಗಿ ಮದುವೆ ಆದೋರು, ಬೆಂಗಳೂರು

ನಗಲಿ ಬಿಡಿ, ಅಲ್ಲಿ ಬಾರ್ ಅಂದ್ರೆ ನಮ್ಮ ದರ್ಶಿನಿ. ಕೌಂಟರ್‌ಗೆ ಒರಗಿ ನಿಂತು ಒಂದು ಕಪುಚೀನೊ, ಒಂದು ಕೊರ್ನೆತ್ತೊ, ಐದು ನಿಮಿಷದಲ್ಲಿ ಮುಗೀತು. ಕೂತ್ರೆ ರೇಟು ಬೇರೆ ಆಗಬಹುದು, ಕೂಪನ್‌ಗೆ ನಿಂತೇ ತಿನ್ನಿ.

ಮೋಸ ಅಲ್ಲ, ಆದ್ರೆ ನೀವು ಹಿಡಿದಿರೋದು ಬಹುಶಃ ಅಫಿತ್ತಾಕಾಮೆರೆ, ಅಂದ್ರೆ ಬಾಡಿಗೆ ರೂಮು. ಹಳೇ ಕಾಲದ ದೊಡ್ಡ ಫ್ಲ್ಯಾಟ್ ಒಂದನ್ನ ನಾಲ್ಕೈದು ರೂಮು ಮಾಡಿರ್ತಾರೆ, ಮಾಲೀಕರು ಅಲ್ಲಿರಲ್ಲ, ಎಲ್ಲಾ ವಾಟ್ಸಾಪ್‌ನಲ್ಲೇ. ನಿಜವಾದ ಬಿ ಅಂಡ್ ಬಿ ಅಂದ್ರೆ ಮನೆಯೋರು ಜೊತೆಗಿರ್ತಾರೆ, ಅವರ ಬೆಕ್ಕೂ ಇರತ್ತೆ. ಎರಡು ಪದ ಮಾತ್ರ ಗಮನಿಸಿ. ಬಾನ್ಯೊ ಪ್ರಿವಾತೊ ಅಂದ್ರೆ ಬಾತ್‌ರೂಮು ನಿಮಗೊಬ್ರಿಗೇ ಅಂತ ಅಷ್ಟೇ, ಅದು ಕಾರಿಡಾರ್ ಆಚೆ ಇರಬಹುದು, ರಾತ್ರಿ ಟವೆಲ್ ಸುತ್ಕೊಂಡು ಓಡ್ಬೇಕು. ರೂಮೊಳಗೇ ಬೇಕಿದ್ರೆ ಇನ್ ಕಾಮೆರಾ ಅಂತ ಇರ್ಬೇಕು. ಇನ್ನೊಂದು, ಕಾಮೆರಾ ದೊಪ್ಪಿಯಾ ಅಂದ್ರೆ ಎರಡು ಒಂಟಿ ಮಂಚ, ಜೋಡಿ ಮಂಚ ಬೇಕಿದ್ರೆ ಮಾತ್ರಿಮೊನಿಯಾಲೆ ಅಂತ ಕೇಳ್ಬೇಕು. ಹೌದು, ನಮ್ಮ ಭಾನುವಾರದ ಪೇಪರ್‌ನ ಮ್ಯಾಟ್ರಿಮೋನಿಯಲ್ ಪುಟದ ನೆಂಟನೇ ಅದು. ನೀವಿಬ್ರೂ ಹೊಸಬರು, ಮರೀಬೇಡಿ.

ಪ್ರಶ್ನೆ: ಮೇಡಂ ನಮಸ್ಕಾರ್ರೀ, ನಾ ಧಾರವಾಡದಾಂವ, ಎಂಎ ಮುಗಿಸೀನಿ, ಒಬ್ಬನ ಹೊಂಟೀನಿ. ರೊಕ್ಕ ಭಾಳ ಇಲ್ಲ. ಹಾಸ್ಟೆಲ್ ಅಂದ್ರ ಹೆಂಗಿರ್ತಾವ್ರೀ? ಸಾಮಾನು ಕಳುವು ಆಗ್ತಾವೇನು?
— ಧಾರವಾಡ

ಹಾಸ್ಟೆಲ್ ಅಂದ್ರೆ ನಿಮ್ಮ ಯುನಿವರ್ಸಿಟಿ ಹಾಸ್ಟೆಲ್‌ನ ನೆನೆಸ್ಕೊಳ್ಳಿ, ಆದ್ರೆ ರೂಮ್‌ಮೇಟ್ ದಿನಾ ಬದಲಾಗ್ತಾನೆ. ಒಂದು ರೂಮಲ್ಲಿ ನಾಲ್ಕರಿಂದ ಎಂಟೋ ಹತ್ತೋ ಬಂಕ್ ಮಂಚ, ಗಂಡು ಹೆಣ್ಣು ಒಟ್ಟಿಗಿರೋ ರೂಮುಗಳೂ ಇರ್ತಾವೆ, ಬೇಡ ಅಂದ್ರೆ ಬೇರೆ ಕೇಳಿ ತಗೊಳ್ಳಿ. ಲಾಕರ್ ಕೊಡ್ತಾರೆ, ಬೀಗ ನಿಮ್ದೇ, ಊರಿಂದ್ಲೇ ಒಂದು ಒಳ್ಳೇ ಬೀಗ ತಗೊಂಡ್ಹೋಗಿ. ಟವೆಲ್ಲಿಗೆ ದುಡ್ಡು ಕೇಳ್ತಾರೆ, ನಿಮ್ಮ ಪಂಚೆ ಸಾಕು, ಬೇಗ ಒಣಗತ್ತೆ. ನಮ್ಮ ದುಂಡು ಕಡ್ಡಿಯ ಮೂರು ಪಿನ್ ಪ್ಲಗ್ ಅಲ್ಲಿ ಹೋಗಲ್ಲ, ಅಡಾಪ್ಟರ್ ಬೇಕು, ಜೊತೆಗೆ ಮೇಲಿನ ಬಂಕ್ ಸಿಕ್ರೆ ಕೆಲವು ಕಡೆ ಪ್ಲಗ್ಗೇ ಇರಲ್ಲ, ಪವರ್ ಬ್ಯಾಂಕ್ ಇರ್ಲಿ. ಕಳ್ಳತನದ ಭಯ ಹಾಸ್ಟೆಲ್ ಒಳಗಿಂತ 64 ನಂಬರ್ ಬಸ್ಸಿನಲ್ಲಿ ಜಾಸ್ತಿ, ಟರ್ಮಿನಿಯಿಂದ ವ್ಯಾಟಿಕನ್ ಕಡೆ ಹೋಗೋದು ಅದು, ಜೇಬುಗಳ್ಳರಿಗೆ ಹೆಸರುವಾಸಿ.

ಟರ್ಮಿನಿ ಸುತ್ತಮುತ್ತನೇ ಬಹಳ ಹಾಸ್ಟೆಲ್‌ಗಳು. ಸ್ಟೇಷನ್ ಏರಿಯಾ ಅಂತ ಮೂಗು ಮುರೀತಾರೆ, ನನಗಂತೂ ಒಬ್ಬನೇ ಹೋಗೋ ಹುಡುಗನಿಗೆ ಅದೇ ಅನುಕೂಲ ಅನ್ಸತ್ತೆ, ಮೆಟ್ರೋ ಎ, ಬಿ ಎರಡೂ ಅಲ್ಲೇ, ಬೆಳಿಗ್ಗೆ ಬೇಗ ರೈಲು ಹತ್ತೋಕೂ ಸುಲಭ. ಅಡುಗೆಮನೆ ಇರೋ ಹಾಸ್ಟೆಲ್ ಹಿಡಿದ್ರೆ ಊಟದ ಖರ್ಚು ಅರ್ಧ ಉಳಿಯತ್ತೆ.

ಪ್ರಶ್ನೆ: ನನ್ನ ಅಣ್ಣನ ಮಗ ರೋಮ್‌ನಲ್ಲಿ ಎಂಎಸ್ಸಿ ಓದ್ತಾ ಇದ್ದಾನೆ. ಚಿಕ್ಕಪ್ಪ ನನ್ನ ರೂಮಲ್ಲೇ ಇರಿ, ಯಾಕೆ ದುಡ್ಡು ದಂಡ ಅಂತಾನೆ. ವೀಸಾಕ್ಕೆ ತೊಂದ್ರೆ ಆಗ್ತದಾ?
— ಉಡುಪಿ

ಹುಡುಗ ಪ್ರೀತಿಯಿಂದ ಕರೀತಿದಾನೆ, ಆದ್ರೆ ಕಾಗದ ಪತ್ರದ ಕೆಲಸ ಇದೆ. ಇಟಲಿ ಸೇರಿ ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ಆಗಿರೋ ಷೆಂಗೆನ್ ವೀಸಾಕ್ಕೆ ಎಲ್ಲಿ ಉಳ್ಕೋತೀರಿ ಅನ್ನೋದಕ್ಕೆ ದಾಖಲೆ ಕೊಡ್ಲೇಬೇಕು. ಹೋಟೆಲ್ ಇಲ್ಲ ಅಂದ್ರೆ ಅವನು ಆಹ್ವಾನ ಪತ್ರ ಬರೆದು ಸಹಿ ಹಾಕಿ, ತನ್ನ ಪಾಸ್‌ಪೋರ್ಟು ಮತ್ತೆ ಅಲ್ಲಿನ ರೆಸಿಡೆನ್ಸ್ ಪರ್ಮಿಟ್ ಕಾಪಿ ಕಳಿಸ್ಬೇಕು. ನೀವು ಹೋಗಿ ಇಳಿದ ಮೇಲೆ 48 ಗಂಟೆ ಒಳಗೆ ನನ್ನ ಮನೇಲಿ ಇಂಥವರು ಇದ್ದಾರೆ ಅಂತ ಅವನು ಪೊಲೀಸರಿಗೆ ತಿಳಿಸ್ಬೇಕು, ಯುರೋಪಿಯನ್ ಯೂನಿಯನ್ ಹೊರಗಿನೋರನ್ನ ಮನೇಲಿ ಇಟ್ಕೊಂಡ ಯಾರಿಗಾದ್ರೂ ಈ ನಿಯಮ ಇದೆ, ಮಾಡದಿದ್ರೆ ದಂಡ 160 ಯೂರೋದಿಂದ 1,100ರವರೆಗೂ. ಹೋಟೆಲ್‌ನೋರು, ಅಪಾರ್ಟ್‌ಮೆಂಟ್‌ನೋರು ಪಾಸ್‌ಪೋರ್ಟ್ ಕೇಳೋದು ಇದೇ ಥರದ ಕಾರಣಕ್ಕೆ, ಅವರು 24 ಗಂಟೆಯೊಳಗೆ ಪೊಲೀಸರ ಪೋರ್ಟಲ್‌ಗೆ ಹಾಕ್ಬೇಕು. ನೀವು ಜರ್ಮನಿ ಥರ ಬೇರೆ ಷೆಂಗೆನ್ ದೇಶದಲ್ಲಿ ಇಳಿದು ಇಟಲಿಗೆ ಹೋಗೋದಾದ್ರೆ ಇನ್ನೊಂದಿದೆ, ಬಂದ 8 ದಿನದೊಳಗೆ ನಾನಿಲ್ಲಿದೀನಿ ಅಂತ ನೀವೇ ಪೊಲೀಸ್ ಕಚೇರಿಗೆ ಹೇಳ್ಬೇಕು. ಹೋಟೆಲ್‌ನಲ್ಲಿದ್ರೆ ಅವರ ನೋಂದಣಿಯೇ ಅದಕ್ಕೆ ಸಾಕು, ಅಣ್ಣನ ಮಗನ ರೂಮಲ್ಲಿದ್ರೆ ನಡೀರಿ ಕ್ಯೂಗೆ.

ಇನ್ನು ಮುಖ್ಯ ವಿಷ್ಯ. ಅವನು ಒಬ್ಬನೇ ಬಾಡಿಗೆಗಿದ್ದಾನಾ ಅಥವಾ ನಾಲ್ಕು ಹುಡುಗರ ಜೊತೆ ಒಂದು ಬಾತ್‌ರೂಮ್ ಹಂಚ್ಕೊಂಡಿದ್ದಾನಾ? ಮನೆ ಓನರ್ ಒಪ್ತಾರಾ? ಇವೆರಡಕ್ಕೂ ಅವನು ಸರಿಯಾಗಿ ಉತ್ತರ ಕೊಡ್ಲಿಲ್ಲ ಅಂದ್ರೆ ಅವನ ಮನೆ ಹತ್ರ ಒಂದು ಸಣ್ಣ ರೂಮು ಹಿಡೀರಿ, ಊಟಕ್ಕೆ ಅವನಲ್ಲಿಗೆ ಹೋಗಿ. ಕುಚ್ಚಲಕ್ಕಿ, ಮಾವಿನ ಹಪ್ಪಳ ತಗೊಂಡ್ಹೋದ್ರೆ ಅದೇ ಅವನಿಗೆ ದೊಡ್ಡದು.

ಪ್ರಶ್ನೆ: ನಾವು ಸಕಲೇಶಪುರದ ಹತ್ರ ತೋಟದಲ್ಲಿ ಹೋಮ್‌ಸ್ಟೇ ನಡೆಸ್ತಿದೀವಿ. ಇಟಲಿಯಲ್ಲೂ ಅಗ್ರಿಟೂರಿಸ್ಮೊ ಅಂತ ಇದೆಯಂತಲ್ಲ, ರೋಮ್ ನೋಡೋಕೆ ಅಂಥ ಕಡೆ ಉಳ್ಕೊಂಡ್ರೆ ಹೇಗೆ?
— ಕಾಫಿ ಬೆಳೆಗಾರರು, ಹಾಸನ ಜಿಲ್ಲೆ

ಕಸುಬು ಕಲಿಯೋಕೆ ಹೋಗೋದಾದ್ರೆ ಖಂಡಿತ ಹೋಗಿ, ರೋಮ್ ನೋಡೋಕೆ ಅಂದ್ರೆ ಬೇಡ.

ಅಲ್ಲಿ 1985ರಲ್ಲೇ ಇದಕ್ಕೆ ಒಂದು ಕಾನೂನು ತಂದ್ರು, 2006ರಲ್ಲಿ ಅದನ್ನ ಹೊಸದಾಗಿ ಬರೆದ್ರು. ಅದರ ಬೆನ್ನೆಲುಬು ಒಂದೇ ಮಾತು, ಬೇಸಾಯವೇ ಮುಖ್ಯ ಕಸುಬಾಗಿರ್ಬೇಕು, ಅತಿಥಿಗಳು ಉಪಕಸುಬು. ನಾಲ್ಕು ಕಾಟೇಜ್ ಕಟ್ಟಿ ಸುತ್ತ ಎರಡು ಗಿಡ ನೆಟ್ಟು ತೋಟ ಅನ್ನೋ ಹಾಗಿಲ್ಲ. ಊಟಕ್ಕೂ ತಮ್ಮ ಹೊಲದ್ದು, ಅಕ್ಕಪಕ್ಕದ್ದು ಬಳಸ್ಬೇಕು. ನಮ್ಮ ಮಲೆನಾಡಲ್ಲಿ ಇದೇ ನಿಯಮ ಬಂದ್ರೆ ಎಷ್ಟು ಬೋರ್ಡು ಇಳಿಸ್ಬೇಕಾಗತ್ತೋ, ನಿಮಗೇ ಚೆನ್ನಾಗಿ ಗೊತ್ತು.

ರೋಮ್‌ನ ದಕ್ಷಿಣಕ್ಕೆ ಕಾಸ್ತೆಲ್ಲಿ ರೊಮಾನಿ ಅಂತ ಗುಡ್ಡದ ಊರುಗಳು, ದ್ರಾಕ್ಷಿ ತೋಟ, ಆಲಿವ್ ತೋಟ. ಫ್ರಾಸ್ಕಾತಿಗೆ ಟರ್ಮಿನಿಯಿಂದ ರೈಲಲ್ಲಿ ಅರ್ಧ ಗಂಟೆ. ಆದ್ರೆ ತೋಟ ಇರೋದು ಸ್ಟೇಷನ್ ಪಕ್ಕ ಅಲ್ಲ, ನಿಮ್ಮ ತೋಟಕ್ಕೆ ಸಕಲೇಶಪುರ ಸ್ಟೇಷನ್‌ನಿಂದ ಜೀಪ್ ಬೇಕಲ್ವಾ ಹಾಗೇ, ಕಾರು ಬೇಕೇ ಬೇಕು. ಕಾರು ತಗೊಂಡು ರೋಮ್ ಒಳಗೆ ಹೋದ್ರೆ ಅಲ್ಲಿನ ನಿವಾಸಿಗಳಿಗೆ ಮಾತ್ರ ಬಿಡೋ ರಸ್ತೆಗಳಿವೆ, ಕ್ಯಾಮೆರಾ ಫೋಟೋ ಹೊಡೆಯತ್ತೆ, ದಂಡದ ಚೀಟಿ ತಿಂಗಳುಗಳ ಮೇಲೆ ಬಾಡಿಗೆ ಕಾರಿನೋರ ಮೂಲಕ ಹಾಸನಕ್ಕೇ ಬರತ್ತೆ. ಮೂರು ದಿನ ರೋಮ್ ಒಳಗೆ ಇದ್ದು, ಆಮೇಲೆ ಕಾರು ಹಿಡಿದು ಎರಡು ದಿನ ತೋಟಕ್ಕೆ ಹೋಗಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಆರ್‌ಟಿಒದಲ್ಲಿ ಮಾಡಿಸ್ಕೊಂಡಿರಿ.

ಪ್ರಶ್ನೆ: ಫೇಸ್‌ಬುಕ್‌ನಲ್ಲಿ ಒಬ್ಬರು ಕೊಲೋಸಿಯಂ ಎದುರಿಗೇ ಫ್ಲ್ಯಾಟ್, ರಾತ್ರಿಗೆ 40 ಯೂರೋ ಅಂತಾರೆ, ಪೂರ್ತಿ ದುಡ್ಡು ಮೊದ್ಲೇ ಬ್ಯಾಂಕ್‌ಗೆ ಹಾಕ್ಬೇಕಂತೆ. ಹಾಕ್ಲಾ?
— ಮೈಸೂರು

ಬೇಡ.

ಪ್ರಶ್ನೆ: ಇಷ್ಟೆಲ್ಲಾ ಹೇಳ್ತೀರಲ್ಲ, ಈಗ ನೀವೇ ಹೋದ್ರೆ ಎಲ್ಲಿ ಉಳ್ಕೋತೀರಿ?
— ತುಮಕೂರಿನ ಓದುಗರು

ಜೊತೆಗೆ ಯಾರಿದ್ದಾರೆ ಅನ್ನೋದರ ಮೇಲೆ. ಮಕ್ಕಳಿದ್ರೆ ಸಾನ್ ಜೊವಾನ್ನಿ ಹತ್ರ ಲಿಫ್ಟ್ ಇರೋ ಫ್ಲ್ಯಾಟು, ವಾಷಿಂಗ್ ಮಷೀನ್ ಇರ್ಲೇಬೇಕು. ಒಬ್ಬಳೇ ಆದ್ರೆ ಕಾನ್ವೆಂಟು. ಹೋದ ವರ್ಷ ಗಂಡನ ಜೊತೆ ಹೋಗೋ ಪ್ಲಾನ್ ಆದಾಗ ನಾನು ಕಾನ್ವೆಂಟ್ ಅಂದೆ, ಅವರು ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕೋ ಕಡೆ ನಾನು ಪಿಯುಸಿಯಲ್ಲೇ ಇದ್ದು ಮುಗಿಸಿದೀನಿ, ಇನ್ನೊಂದ್ಸಲ ಆಗಲ್ಲ ಅಂದ್ರು. ಇನ್ನೂ ಟಿಕೆಟ್ ಬುಕ್ ಆಗಿಲ್ಲ.